ಇನ್ನೊಬ್ಬರ ಮನೆ ಜಗಳದ ಪಕ್ಕದಲ್ಲಿ ಕೂತು

(ಡೊಂಬಿವಲಿಯಲ್ಲಿ ಕನ್ನಡಿಗರ ಒಂದು ಸಂಜೆ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಕೆಲವು ಇಸವಿಗಳನ್ನು ಸೇರಿಸಿದ್ದೇನೆ, ಮಾತಿನ ಓಟದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಘದವರು ನನಗೆ ಕೊಟ್ಟ ವಿಷಯ ‘ದೂರದಿಂದ ಕಂಡ ದೇಶ’. ಪರದೇಶಕ್ಕೆ ಹೋಗಿ ಬಂದವರು ಯಾರೇ ಸಿಕ್ಕಲಿ, ಇದೇ ವಿಷಯ ಕೊಡುತ್ತೇವೆ ಅಲ್ವಾ? ದೂರ ಹೋದವರಿಗೆ ಊರು ಚೆನ್ನಾಗಿ ಕಾಣಿಸುತ್ತದೆ ಅಂತ ಒಂದು ನಂಬಿಕೆ. ಬೆಲ್ಜಿಯಂನಲ್ಲಿ ಕೆಲವು ವರ್ಷ ಕೆಲಸ ಮಾಡಿ ಹೋದ ವರ್ಷ ವಾಪಸ್ ಬಂದಿದ್ದೇನೆ. ನನಗೆ ಆ ನಂಬಿಕೆ ಉಳಿದಿಲ್ಲ. ದೂರದಿಂದ ನೋಡಿದರೆ ಊರಿನ ಜಗಳ ಇನ್ನೂ ದೊಡ್ಡದಾಗಿ ಕಾಣುತ್ತದೆ, ಸಿಟ್ಟು ಜಾಸ್ತಿ ಬರುತ್ತದೆ, ಅಷ್ಟೇ. ನನ್ನ ಕಣ್ಣು ಸ್ವಲ್ಪ ತೆರೆಸಿದ್ದು ಬೇರೆ ವಿಷಯ. ಅಲ್ಲಿಯವರಿಗೂ ನಮ್ಮದೇ ತರದ ಒಂದು ಜಗಳ ಇದೆ. ಆ ಜಗಳದಲ್ಲಿ ನಾನು ಯಾರ ಕಡೆಯವಳೂ ಅಲ್ಲ. ಅವರ ಪಕ್ಕದಲ್ಲಿ ಕೂತು ಅದನ್ನು ನೋಡಿದ ಮೇಲೆ ನಮ್ಮದನ್ನು ನೋಡುವ ರೀತಿ ಬದಲಾಯಿತು. ಇವತ್ತು ಹೇಳುವುದು ಅದನ್ನೇ.

ಮೊದಲು ನನ್ನ ಮನೆಯ ವಿಚಾರ ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ನಾನು ಯಾರ ಕಡೆ ಅಂತ ನೀವು ಹೇಗೂ ಲೆಕ್ಕ ಹಾಕುತ್ತೀರಿ. ಅಪ್ಪ ಗೋಕಾಕ ಕಡೆಯವರು, ಲೋವರ್ ಪರೆಲ್‌ನ ಗಿರಣಿ ಕೆಲಸಕ್ಕೆ ಬಂದವರು. ಅವ್ವನ ತವರು ಸಾಂಗ್ಲಿ ಜಿಲ್ಲೆಯ ಜತ್ತ. ಮನೆಯಲ್ಲೂ ಬೀದಿಯಲ್ಲೂ ಕನ್ನಡ, ಸರ್ಕಾರ ಮಾತ್ರ ಮಹಾರಾಷ್ಟ್ರದ್ದು. ಕಾಕಾ ಬೆಳಗಾವಿಯ ಶಹಾಪುರದಲ್ಲಿದ್ದಾರೆ. ಅಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಮರಾಠಿ, ಸರ್ಕಾರ ಕರ್ನಾಟಕದ್ದು. ನಾನು ಹುಟ್ಟಿ ಬೆಳೆದದ್ದು ಇದೇ ಡೊಂಬಿವಲಿ. ಅಂದರೆ ಬೆಳಗಾವಿ ಗಡಿ ವಿವಾದ ನಮ್ಮ ಮನೆಯ ಊಟದ ತಟ್ಟೆಯ ಮೇಲೆಯೇ ಹಾದು ಹೋಗಿದೆ.

2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಬಸ್ ಕಂಡಕ್ಟರ್ ಒಬ್ಬರು ಮರಾಠಿ ಬರುವುದಿಲ್ಲ ಅಂದಿದ್ದಕ್ಕೆ ಪೆಟ್ಟು ತಿಂದಿದ್ದು ನಿಮಗೆಲ್ಲ ನೆನಪಿರಬಹುದು. ಅದರ ಹಿಂದೆಯೇ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಡ್ರೈವರ್ ಮುಖಕ್ಕೆ ಮಸಿ ಬಳಿದರು. ಎರಡೂ ಕಡೆ ಬಸ್ಸು ನಿಂತವು. ನಾನಾಗ ಲುವೆನ್ ಅನ್ನುವ ಊರಿನಲ್ಲಿದ್ದೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನಾನು ಎದ್ದು ಕಾಫಿಗೆ ನೀರಿಡುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ ಆಗುತ್ತಾ ಬಂದಿರುತ್ತದೆ. ಅಷ್ಟರಲ್ಲಿ ಜಗಳ ಒಂದು ಸುತ್ತು ಮುಗಿದಿರುತ್ತಿತ್ತು. ಯಾರು ಹೊಡೆದರು, ಯಾವ ಮಂತ್ರಿ ಏನಂದರು, ಅದಕ್ಕೆ ಆ ಕಡೆಯವರು ಏನಂದರು, ಎಲ್ಲ ವಿಡಿಯೋ ಸಮೇತ ಫೋನಿಗೆ ಬಂದು ಬಿದ್ದಿರುತ್ತಿತ್ತು.

ಅಲ್ಲಿನ ಕನ್ನಡಿಗರದ್ದೊಂದು ವಾಟ್ಸಾಪ್ ಗುಂಪು ಇತ್ತು. ಮಾಮೂಲಿ ದಿನಗಳಲ್ಲಿ ಮಾತೆಲ್ಲ ಇಷ್ಟೇ: ಕೊತ್ತಂಬರಿ ಎಲ್ಲಿ ಸಿಗುತ್ತದೆ, ಊರಿನಿಂದ ಬರುವವರ ಬ್ಯಾಗಿನಲ್ಲಿ ಜಾಗ ಇದೆಯಾ, ಯುಗಾದಿಗೆ ಯಾರು ಹೋಳಿಗೆ ಮಾಡುತ್ತಾರೆ. ಆ ವಾರ ಗುಂಪು ಹೊತ್ತಿಕೊಂಡಿತು. ಬೆಳಗಾವಿಯನ್ನು ಒಂದು ಸಲವೂ ನೋಡದವರು ಮಹಾರಾಷ್ಟ್ರಕ್ಕೆ ನೀರು ನಿಲ್ಲಿಸಿ, ಕರೆಂಟ್ ನಿಲ್ಲಿಸಿ ಅಂತ ಬರೆದರು. ಅದೇ ಊರಿನ ಮರಾಠಿ ಗೆಳತಿಯೊಬ್ಬಳು ತಮ್ಮ ಗುಂಪನ್ನು ತೋರಿಸಿದಳು. ಅಕ್ಷರ ಬೇರೆ, ಬೈಗುಳ ಅವೇ.

ನಾನೂ ಕಾವೇರಿದ್ದೆ. ಅದೇ ಬಿಸಿಯಲ್ಲಿ ಕಾಕಾನಿಗೆ ಫೋನ್ ಮಾಡಿದೆ. ಕಾಕಾ ಅಂದರು: “ಅಲ್ಲ ತಂಗೀ, ನೀ ಅಲ್ಲಿ ಕುಂತು ಯಾಕ ಇಷ್ಟ ಬಿಸಿ ಆಗೀದಿ? ನಿಪ್ಪಾಣಿ ತನಕ ನಮ್ಮ ಬಸ್ಸು, ಮುಂದ ಯಾವದರೆ ಟೆಂಪೋ, ಕಾಗಲದಾಗ ಅವರ ಬಸ್ಸು. ನಾಳೆ ಕೊಲ್ಲಾಪುರಕ್ಕ ಹೋಗಾಕಬೇಕು, ಬೆಲ್ಲದ ರೊಕ್ಕ ಬರೋದೈತಿ.” ಅವರಿಗೆ ಜಗಳ ಗೊತ್ತಿಲ್ಲ ಅಂತಲ್ಲ. ನವೆಂಬರ್ 1 ಬಂತೆಂದರೆ ಬೆಳಗಾವಿಯಲ್ಲಿ ಒಂದು ಕಡೆ ರಾಜ್ಯೋತ್ಸವದ ದೊಡ್ಡ ಮೆರವಣಿಗೆ, ಇನ್ನೊಂದು ಕಡೆ, ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಿ ಅನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯವರ ಕರಾಳ ದಿನ. ಕಾಕಾ ಅವತ್ತು ಅಂಗಡಿ ತೆಗೆಯುವುದಿಲ್ಲ. ಎರಡೂ ಕಡೆ ಪೊಲೀಸರ ಬಂದೋಬಸ್ತ್, ಗಿರಾಕಿಗಳು ಎಲ್ಲಿಂದ ಬರಬೇಕು ಅನ್ನುತ್ತಾರೆ. ಆದರೆ ಮರುದಿನ ಪಕ್ಕದ ಮನೆಯ ಮರಾಠಿ ಕಾಕುವಿನಿಂದಲೇ ಮೊಸರಿಗೆ ಹೆಪ್ಪು ತರಬೇಕಲ್ಲ. ಲುವೆನ್‌ನಲ್ಲಿ ಕೂತ ನಮಗೆ ಆ ಕಾಕೂ ಇಲ್ಲ. ನಮಗೆ ಸಿಗುತ್ತಿದ್ದದ್ದು ಬರೀ ಜಗಳ. ಆ ಜಗಳದ ಸುತ್ತ ನಡೆಯುವ ದಿನನಿತ್ಯದ ಸಂಸಾರ ಯಾವ ವಿಡಿಯೋದಲ್ಲೂ ಬರುವುದಿಲ್ಲ. ಹೊರದೇಶದಲ್ಲಿರುವವರ ದೇಶಪ್ರೇಮ, ಭಾಷಾಪ್ರೇಮ ಯಾಕೆ ಇಷ್ಟು ಖಾರ ಅಂತ ಕೇಳುತ್ತಾರೆ. ನನಗೆ ತೋಚುವ ಕಾರಣ ಇದು. ಅವರು ಕೂಗಿದ್ದಕ್ಕೆ ಬೆಲೆ ಕೊಡಬೇಕಾದವರು ಬೇರೆ ಯಾರೋ.

ಈಗ ಆ ಬೇರೆಯವರ ಜಗಳಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬೆಲ್ಜಿಯಂ ಸಣ್ಣ ದೇಶ. ನಮ್ಮ ಕರ್ನಾಟಕದ ಆರನೇ ಒಂದು ಭಾಗದಷ್ಟೂ ಇಲ್ಲ. ಉತ್ತರಕ್ಕೆ ಫ್ಲಾಂಡರ್ಸ್, ಡಚ್ ಭಾಷೆಯವರು. ದಕ್ಷಿಣಕ್ಕೆ ವಲೋನಿಯ, ಫ್ರೆಂಚ್ ಭಾಷೆಯವರು. ಪೂರ್ವದ ಅಂಚಿನಲ್ಲಿ ಒಂದಿಷ್ಟು ಜರ್ಮನ್ ಭಾಷೆಯವರು. ರಾಜಧಾನಿ ಬ್ರಸೆಲ್ಸ್ ಫ್ಲಾಂಡರ್ಸ್‌ನ ಹೊಟ್ಟೆಯೊಳಗೆ ಇದೆ, ಆದರೆ ಅಲ್ಲಿ ಬೀದಿಯಲ್ಲಿ ಕೇಳುವುದು ಹೆಚ್ಚಾಗಿ ಫ್ರೆಂಚ್. ಕಾನೂನಿನ ಪ್ರಕಾರ ಆ ನಗರಕ್ಕೆ ಎರಡೂ ಭಾಷೆ. 1962–63ರಲ್ಲಿ ಕಾನೂನು ಮಾಡಿ ಭಾಷೆಗಳ ನಡುವೆ ಗೆರೆ ಎಳೆದರು. ಗೆರೆಯ ಈಚೆ ಒಂದು ಭಾಷೆ, ಆಚೆ ಇನ್ನೊಂದು. ರೈಲಿನಲ್ಲಿ ಹೋದರೆ ಆ ಗೆರೆ ಕಿವಿಗೆ ಬೀಳುತ್ತದೆ. ಲುವೆನ್‌ನಿಂದ ಹೊರಟಾಗ ಸೂಚನೆ ಡಚ್‌ನಲ್ಲಿ. ಗೆರೆ ದಾಟುತ್ತಿದ್ದಂತೆ ಅದೇ ಕಂಡಕ್ಟರ್ ಫ್ರೆಂಚ್‌ಗೆ ತಿರುಗುತ್ತಾರೆ. ಊರಿನ ಹೆಸರೂ ಬದಲು. ಲಿಯೇಜ್ ಅನ್ನುವ ಊರಿಗೆ ಡಚ್ ಹೆಸರು ಕಿವಿಗೆ ಹೆಚ್ಚುಕಡಿಮೆ ‘ಲಾಯ್ಕ್’ ಅಂತ ಕೇಳುತ್ತದೆ. (ಕುಂದಾಪುರದ ಕಡೆ ‘ಲಾಯ್ಕ್’ ಅಂದರೆ ಚೆನ್ನಾಗಿದೆ ಅಂತ. ಇಲ್ಲಿರುವ ಆ ಕಡೆಯವರಿಗೆ ಖುಷಿಯಾಗಲಿ ಅಂತ ಹೇಳಿದೆ.)

2024ರ ಕೊನೆಯಲ್ಲಿ ಅಲ್ಲಿಯೂ ಒಬ್ಬ ಕಂಡಕ್ಟರ್ ಸುದ್ದಿಯಾದರು. ಬ್ರಸೆಲ್ಸ್‌ಗೆ ಹೋಗುವ ರೈಲು, ಹತ್ತಿರದ ವಿಲ್‌ವೋರ್ಡ ಅನ್ನುವ ಊರು. ಆ ಊರು ಇನ್ನೂ ಫ್ಲಾಂಡರ್ಸ್ ಒಳಗೆ. ಕಂಡಕ್ಟರ್ ಮೊದಲು ಡಚ್‌ನಲ್ಲಿ, ಆಮೇಲೆ ‘ಬೋನ್‌ಜೂರ್’ ಅಂತ ಫ್ರೆಂಚ್‌ನಲ್ಲಿ ನಮಸ್ಕಾರ ಹೇಳಿದರು. ಬ್ರಸೆಲ್ಸ್ ಇನ್ನೂ ಬಂದಿಲ್ಲ, ಇಲ್ಲಿ ಬರೀ ಡಚ್ ಮಾತಾಡಬೇಕು ಅಂತ ಒಬ್ಬ ಪ್ರಯಾಣಿಕ ಆಕ್ಷೇಪಿಸಿದ. ಭಾಷಾ ಕಾನೂನಿನ ಮೇಲೆ ಕಣ್ಣಿಡಲು ಅಲ್ಲೊಂದು ಆಯೋಗ ಇದೆ. ಅಲ್ಲಿಗೆ ದೂರು ಕೊಟ್ಟ. ಒಂದು ನಮಸ್ಕಾರದ ವಿಷಯ ಬೇರೆ ದೇಶಗಳ ಪೇಪರುಗಳಿಗೂ ಹೋಯಿತು.

ನಾನು ನಕ್ಕೆ. ನನ್ನ ಜೊತೆ ಕೆಲಸ ಮಾಡುವ ಭಾರತೀಯರೂ ನಕ್ಕರು. ಇವರಿಗೆ ಬೇರೆ ಕೆಲಸ ಇಲ್ವಾ ಅಂದುಕೊಂಡೆವು. ಎರಡು ಮೂರು ತಿಂಗಳಲ್ಲಿ ಬೆಳಗಾವಿ ಕಂಡಕ್ಟರ್ ಸುದ್ದಿ ಬಂತು. ಆಗ ನನ್ನ ಫ್ರೆಂಚ್ ಭಾಷೆಯ ಸಹೋದ್ಯೋಗಿ ಊಟದ ಹೊತ್ತಿನಲ್ಲಿ ಕೇಳಿದ, ನಿಮ್ಮ ಕಡೆ ಬಸ್ಸಿನಲ್ಲಿ ಏನೋ ಆಯಿತಂತೆ? ಅವನಿಗೆ ವಿವರಿಸಲು ಶುರು ಮಾಡಿದೆ. 1956ರ ರಾಜ್ಯ ಪುನರ್ವಿಂಗಡಣೆ, ಹಳೆಯ ಮುಂಬೈ ಪ್ರಾಂತ್ಯ, ಈ ಗಡಿ ಜಗಳ ಬಗೆಹರಿಸಲು ಕೇಂದ್ರ ನೇಮಿಸಿದ ಮಹಾಜನ ಆಯೋಗ. ಅವನು ಸೂಪ್ ಕುಡಿಯುತ್ತಾ ತಲೆದೂಗಿದ. ಒಂದು ಗಳಿಗೆ ಬಿಟ್ಟು, ಹೊಡೆಯುವ ತನಕ ಯಾಕೆ ಹೋಯಿತು, ದೂರು ಕೊಡಲು ಯಾವುದೂ ಕಚೇರಿ ಇಲ್ಲವೇ ಅಂದ. ನನಗೆ ಇವರ ಜಗಳ ಎಷ್ಟು ವಿಚಿತ್ರವೋ ಅವನಿಗೆ ನಮ್ಮದು ಅಷ್ಟೇ ವಿಚಿತ್ರ.

ಆದರೆ ಇಲ್ಲಿಗೇ ನಿಲ್ಲಿಸಿಬಿಟ್ಟರೆ ಸುಮ್ನೆ ಒಂದು ಜೋಕ್ ಆಗುತ್ತದೆ. ಎಲ್ಲರೂ ಹುಚ್ಚರೇ ಅಂತ ಹೇಳಿ ಎದ್ದು ಹೋಗಬಹುದು. ನನಗೆ ಆ ತರದ ಮಾತು ಅಷ್ಟು ಹಿಡಿಸುವುದಿಲ್ಲ. ಹೊರಗಿನವರ ನಗು ಬಹಳ ಅಗ್ಗ.

ಲುವೆನ್ ವಿಶ್ವವಿದ್ಯಾಲಯ 1425ರಲ್ಲಿ ಶುರುವಾದದ್ದು. ಅದು 1968ರಲ್ಲಿ ಭಾಷೆಯ ಕಾರಣಕ್ಕೆ ಒಡೆಯಿತು. ಫ್ರೆಂಚ್ ವಿಭಾಗ ಇಲ್ಲಿಂದ ಹೋಗಲಿ ಅಂತ ಡಚ್ ವಿದ್ಯಾರ್ಥಿಗಳು ಬೀದಿಗಿಳಿದರು. ‘ವಲೋನರೇ ಹೊರಗೆ’ ಅನ್ನುವುದು ಅವರ ಘೋಷಣೆ. ಆ ಗಲಾಟೆಯಲ್ಲಿ ಸರ್ಕಾರವೇ ಬಿದ್ದಿತು. ಕೊನೆಗೆ ಫ್ರೆಂಚ್ ವಿಭಾಗಕ್ಕಾಗಿ ಗೆರೆಯ ಆಚೆ ಹೊಲಗಳ ನಡುವೆ ಒಂದು ಹೊಸ ಊರನ್ನೇ ಕಟ್ಟಿದರು. ಗ್ರಂಥಾಲಯ ಎರಡು ಪಾಲಾಯಿತು. ಸಂಖ್ಯೆ ನೋಡಿ, ಸಮ ಒಂದು ಕಡೆಗೆ, ಬೆಸ ಇನ್ನೊಂದು ಕಡೆಗೆ ಅಂತ ಪುಸ್ತಕಗಳನ್ನು ಹಂಚಿಕೊಂಡರು. ಎರಡು ಮಹಾಯುದ್ಧಗಳಲ್ಲೂ, 1914ರಲ್ಲಿ ಒಮ್ಮೆ, 1940ರಲ್ಲಿ ಇನ್ನೊಮ್ಮೆ, ಸುಟ್ಟು ಮತ್ತೆ ಎದ್ದು ನಿಂತ ಗ್ರಂಥಾಲಯ ಅದು. ಕೇಳಿದವರೆಲ್ಲ ಅಯ್ಯೋ ಅನ್ನುತ್ತಾರೆ. ನಾನೂ ಅಂದೆ, ನಮ್ಮ ಮನೆ ಒಡತಿಯ ಮುಂದೆ.

ಎಂಬತ್ತರ ಹತ್ತಿರದ ಹೆಂಗಸು. 68ರಲ್ಲಿ ಅವರೂ ವಿದ್ಯಾರ್ಥಿನಿ, ಅವರೂ ಘೋಷಣೆ ಕೂಗಿದವರು. ಪಶ್ಚಾತ್ತಾಪದ ಮಾತು ಬರುತ್ತದೆ ಅಂದುಕೊಂಡು ಕಾದೆ. ಬರಲಿಲ್ಲ. ಸರಿಯಾಗಿಯೇ ಮಾಡಿದೆವು ಅಂದರು. ಆಮೇಲೆ ಅವರ ಅಪ್ಪನ ಕಾಲದ ಮಾತು ತೆಗೆದರು. ಜನಸಂಖ್ಯೆಯಲ್ಲಿ ಡಚ್ ಮಾತಾಡುವವರೇ ಜಾಸ್ತಿ, ಆದರೆ ಕೋರ್ಟಿನಲ್ಲಿ, ಕಚೇರಿಯಲ್ಲಿ, ಕಾಲೇಜಿನಲ್ಲಿ ಫ್ರೆಂಚ್. ಗೆಂಟ್ ವಿಶ್ವವಿದ್ಯಾಲಯದಲ್ಲಿ ಪೂರ್ತಿಯಾಗಿ ಡಚ್‌ನಲ್ಲಿ ಓದುವ ಹಾಗೆ ಆದದ್ದು 1930ರಲ್ಲಿ, ದೇಶ ಹುಟ್ಟಿ ನೂರು ವರ್ಷ ಆದ ಮೇಲೆ. ಅಪ್ಪ ಒಂದು ಕಾಗದಕ್ಕೆ ಸಹಿ ಹಾಕಲು ಹೋಗಿ, ಅದರಲ್ಲಿ ಏನಿದೆ ಅಂತ ಗುಮಾಸ್ತನನ್ನು ಕೇಳಿ ಬೈಸಿಕೊಂಡು ಬಂದದ್ದನ್ನು ಅವರು ಹೇಳಿದರು. ಹೇಳುವಾಗ ಕೈಯಲ್ಲಿದ್ದ ಆಲೂಗಡ್ಡೆ ಹೆರೆಯುವ ಚಾಕು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಹೆರೆಯತೊಡಗಿದರು.

ನಮ್ಮ ಮನೆಯಲ್ಲೂ ಇದೇ ಕಥೆ ಇದೆ. ಅವ್ವನ ತವರಿನವರು ತಹಸೀಲ್ದಾರ್ ಕಚೇರಿಯ ಮರಾಠಿ ಕಾಗದವನ್ನು ಯಾರಿಂದಲೋ ಓದಿಸಿಕೊಂಡು ಸಹಿ ಹಾಕಿದ ಕಥೆ. ಅದನ್ನು ನೂರು ಸಲ ಕೇಳಿದ್ದೇನೆ. ಆದರೆ ಬೆಳಗಾವಿಯ ಪಕ್ಕದ ಮನೆಯ ಕಾಕುವಿನ ಕೈಯಲ್ಲಿ ಕನ್ನಡದ ಕಾಗದ ಇರುತ್ತದೆ, ಅವರಿಗೂ ಅದು ಓದಲು ಬರುವುದಿಲ್ಲ ಅನ್ನುವುದನ್ನು ನಾನು ಈ ಕಥೆಯ ಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ. ಎರಡೂ ನಮ್ಮ ಮನೆಯ ಆಸುಪಾಸಿನವೇ. ಆದರೂ ನಡುವೆ ಒಂದು ‘ನಮ್ಮವರು’ ಬಂದುಬಿಟ್ಟರೆ ಹತ್ತಿರದ್ದೇ ಕಾಣುವುದಿಲ್ಲ. ಆ ಬೆಲ್ಜಿಯನ್ ಅಜ್ಜಿ ಯಾರ ಕಡೆಯವರು ಅನ್ನುವುದು ನನಗೆ ಮುಖ್ಯ ಆಗಿರಲಿಲ್ಲ, ಹಾಗಾಗಿ ಅವರು ಹೇಳಿದ್ದು ನೇರವಾಗಿ ಒಳಗೆ ಹೋಯಿತು.

ನಮ್ಮ ಸಂವಿಧಾನದಲ್ಲಿ ಇದಕ್ಕೆ ದಾರಿ ಇಲ್ಲ ಅಂತೇನಿಲ್ಲ. 1956ರಲ್ಲಿ ಏಳನೇ ತಿದ್ದುಪಡಿ ಮಾಡಿದಾಗ 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಕೊಡಲು ಪ್ರಯತ್ನಿಸಬೇಕು ಅನ್ನುವುದು ಮೊದಲನೆಯದು. ಈ ರಕ್ಷಣೆಗಳನ್ನು ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿ ಇರಬೇಕು ಅನ್ನುವುದು ಎರಡನೆಯದು. ಒಂದು ತಾಲೂಕಿನಲ್ಲಿ ಶೇ. 15ಕ್ಕಿಂತ ಹೆಚ್ಚು ಜನ ಬೇರೆ ಭಾಷೆಯವರಿದ್ದರೆ ಮುಖ್ಯ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಕೊಡಬೇಕು ಅನ್ನುವ ಒಪ್ಪಂದವೂ ಇದೆ. ಮುಂಬೈಯಲ್ಲಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳು ಉಳಿಯಬೇಕು ಅಂತ ನಾವು ಕೇಳುವುದು ಇದೇ ಆಧಾರದ ಮೇಲೆ. ಇಲ್ಲಿರುವ ಎಷ್ಟೋ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವರು. ಖಾನಾಪುರದ ಮರಾಠಿಗರು ಮರಾಠಿ ಅರ್ಜಿ ಕೊಡಿ ಅಂತ ಕೇಳಿದಾಗ ನಮಗೆ ಅದು ಉದ್ಧಟತನ ಅನ್ನಿಸುತ್ತದೆ. ನಾವು ಇಲ್ಲಿ ಕೇಳಿದರೆ ಹಕ್ಕು.

ಈ ಮಾತಿಗೆ ಸಭೆಯಲ್ಲಿ ಒಂದಿಷ್ಟು ಗುಸುಗುಸು ಆಯಿತು. ಆಗಲೇಬೇಕು. 1969ರ ಫೆಬ್ರವರಿಯಲ್ಲಿ ಇದೇ ಗಡಿ ವಿಷಯಕ್ಕೆ ಮುಂಬೈಯಲ್ಲಿ ಗಲಭೆ ಆದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ಕಣ್ಣಾರೆ ಕಂಡವರು ಮುಂದಿನ ಸಾಲಿನಲ್ಲಿದ್ದರು. ಅವರಿಗೆ ನನ್ನ ಸಮಾನತೆಯ ಪಾಠ ಬೇಕಾಗಿಲ್ಲ. ಬೆಳಗಾವಿ ಬೆಂಗಳೂರಿನವರಿಗೆ ಭೂಪಟದ ಮೇಲಿನ ಊರು. ಆ ಊರಿನ ಹೆಸರಿನಲ್ಲಿ ಅಂಗಡಿ ಬಾಗಿಲು ಹಾಕಿ ಒಳಗೆ ಕೂರಬೇಕಾಗಿ ಬಂದದ್ದು ಮುಂಬೈ ಕನ್ನಡಿಗರಿಗೆ. 2022ರ ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ವಿಧಾನಸಭೆಗಳು ಒಬ್ಬರ ವಿರುದ್ಧ ಒಬ್ಬರು ನಿರ್ಣಯ ಮಾಡಿದಾಗ, ಮಹಾರಾಷ್ಟ್ರ 865 ಹಳ್ಳಿಗಳು ನಮ್ಮವು ಅಂದಾಗ, ಇಲ್ಲಿನ ಎಷ್ಟು ಜನ ರೈಲಿನಲ್ಲಿ ಫೋನ್ ಬಂದರೆ ಕನ್ನಡದಲ್ಲಿ ಮೆಲ್ಲಗೆ ಮಾತಾಡಿದಿರಿ? ನನಗೆ ಗೊತ್ತು, ಅವ್ವನೂ ಹಾಗೆಯೇ ಮಾಡಿದಳು.

ಜನಗಣತಿಯ ವಿಷಯ ಒಂದು ಇದೆ, ಅದು ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿತು. ನಮ್ಮಲ್ಲಿ ಗಡಿ ವಾದ ಅಂದರೆ ಅಂಕಿಗಳ ವಾದ. ಯಾವ ಊರಿನಲ್ಲಿ ಎಷ್ಟು ಮರಾಠಿ, ಎಷ್ಟು ಕನ್ನಡ, 1951ರಲ್ಲಿ ಎಷ್ಟು, 61ರಲ್ಲಿ ಎಷ್ಟು. ಹಳ್ಳಿಯೇ ಘಟಕವಾಗಲಿ, ಭಾಷೆಯ ಬಹುಮತ ನೋಡಿ ಅಂತ ಮಹಾರಾಷ್ಟ್ರ ಹೇಳುತ್ತಾ ಬಂದಿದೆ. ಬೆಲ್ಜಿಯಂನಲ್ಲೂ ಒಂದು ಕಾಲದಲ್ಲಿ ಹೀಗೇ ಇತ್ತು. ಜನಗಣತಿ ಆದಾಗಲೆಲ್ಲ ಬ್ರಸೆಲ್ಸ್ ಸುತ್ತಲಿನ ಒಂದೊಂದೇ ಊರು ಫ್ರೆಂಚ್ ಕಡೆಗೆ ವಾಲುತ್ತಾ ಹೋಯಿತು. ಯಾಕೆಂದರೆ ನೌಕರಿ ಬೇಕಾದವರು, ಮಕ್ಕಳನ್ನು ದೊಡ್ಡ ಶಾಲೆಗೆ ಹಾಕಿದವರು, ಮನೆಯಲ್ಲಿ ಡಚ್ ಇದ್ದರೂ ಫಾರಂನಲ್ಲಿ ಫ್ರೆಂಚ್ ಅಂತ ಬರೆಸುತ್ತಿದ್ದರು. ಇನ್ನು ಈ ಪ್ರಶ್ನೆಯೇ ಬೇಡ ಅಂತ ಫ್ಲಾಂಡರ್ಸ್‌ನವರು ಹಟ ಹಿಡಿದರು. 1947ರದ್ದೇ ಕೊನೆ. 1961ರ ಕಾನೂನು ಜನಗಣತಿಯಿಂದ ಭಾಷೆಯ ಪ್ರಶ್ನೆಯನ್ನು ತೆಗೆದುಹಾಕಿತು. ಭಾಷೆಗಾಗಿ ಇಷ್ಟೆಲ್ಲ ಒಡೆದ ದೇಶದಲ್ಲಿ ಯಾರ ಮನೆಯಲ್ಲಿ ಯಾವ ಭಾಷೆ ಅಂತ ಸರ್ಕಾರ ಇವತ್ತು ಎಣಿಸುವುದಿಲ್ಲ. ಗೆರೆ ಎಳೆದಾಯಿತು, ಇನ್ನು ತಲೆ ಎಣಿಸುವುದಿಲ್ಲ ಅನ್ನುವುದು ಅವರ ತೀರ್ಮಾನ.

ಇದು ಒಳ್ಳೆಯದಾ? ನನಗೆ ಅಷ್ಟು ಖಾತ್ರಿ ಇಲ್ಲ. ಎಣಿಸದೇ ಇದ್ದರೆ ಜತ್ತದಲ್ಲಿ ಎಷ್ಟು ಕನ್ನಡ ಶಾಲೆ ಬೇಕು ಅಂತ ಯಾವ ಆಧಾರದ ಮೇಲೆ ಕೇಳುವುದು? ಆದರೆ ಎಣಿಕೆಯೇ ಜಗಳಕ್ಕೆ ಮೇವು ಆಗಬಹುದು ಅನ್ನುವುದು ನನಗೆ ಹೊಳೆದದ್ದು ಅಲ್ಲಿ. ಇಲ್ಲಿ ಅಂಕಿ ಅಂದರೆ ಸತ್ಯ ಅಂತಲೇ ಬೆಳೆದವಳು ನಾನು.

ಗೆರೆ ಎಳೆದ ಮೇಲೆ ಅವರಿಗೂ ನೆಮ್ಮದಿ ಸಿಗಲಿಲ್ಲ. ಫೂರನ್ ಅಂತ ಆರು ಹಳ್ಳಿಗಳ ಒಂದು ಪ್ರದೇಶ ಇದೆ. ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ ಜನ, ಅಷ್ಟೇ. 1963ರಲ್ಲಿ ಅದನ್ನು ಫ್ರೆಂಚ್ ಕಡೆಯ ಪ್ರಾಂತ್ಯದಿಂದ ತೆಗೆದು ಡಚ್ ಕಡೆಗೆ ಸೇರಿಸಿದರು. ಎಂಬತ್ತರ ದಶಕದಲ್ಲಿ ಅಲ್ಲಿ ಮೇಯರ್ ಆದವರು ಡಚ್ ಮಾತಾಡುವುದಿಲ್ಲ ಅಂತ ಪಟ್ಟು ಹಿಡಿದರು. ಆ ಜಗಳ ಬೆಳೆದು 1987ರಲ್ಲಿ ಬ್ರಸೆಲ್ಸ್‌ನ ಕೇಂದ್ರ ಸರ್ಕಾರ ಉರುಳಿತು. ನಮ್ಮಲ್ಲಿ 2005ರಲ್ಲಿ ಬೆಳಗಾವಿ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರಿಸಿ ಅಂತ ನಿರ್ಣಯ ಮಾಡಿತು. ಆಗ ಬೆಂಗಳೂರಿಗೆ ಬಂದ ಮೇಯರ್ ಮುಖಕ್ಕೆ ಮಸಿ ಬಳಿದದ್ದು, ಪಾಲಿಕೆಯನ್ನೇ ವಿಸರ್ಜಿಸಿದ್ದು ಗೊತ್ತಲ್ಲ. ಅಲ್ಲಿ ಮಸಿ ಬಳಿಯುವ ಪದ್ಧತಿ ಇಲ್ಲ, ಸರ್ಕಾರ ಬೀಳಿಸುವ ಪದ್ಧತಿ ಇದೆ. 2010ರಲ್ಲಿ ಚುನಾವಣೆ ಆಗಿ 541 ದಿನ ಹೊಸ ಸರ್ಕಾರವೇ ಬರಲಿಲ್ಲ. ರೈಲು ಓಡುತ್ತಿತ್ತು, ಸಂಬಳ ಬರುತ್ತಿತ್ತು.

ಇನ್ನು ದುಡ್ಡಿನ ಮಾತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ದಿಲ್ಲಿಯ ಜಂತರ್ ಮಂತರ್‌ನಲ್ಲಿ ‘ನಮ್ಮ ತೆರಿಗೆ ನಮ್ಮ ಹಕ್ಕು’ ಅಂತ ಧರಣಿ ಕೂತಿತು. ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು ಹದಿನೈದನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿದಿತ್ತು. ಈ ಸಿಟ್ಟು ನನಗೂ ಇದೆ. ಫ್ಲಾಂಡರ್ಸ್‌ನಲ್ಲಿ ಕೇಳುವ ಮಾತೂ ಇದೇ. ದುಡಿಯುವವರು ನಾವು, ದುಡ್ಡು ಹೋಗುವುದು ದಕ್ಷಿಣಕ್ಕೆ. ಆದರೆ ನಮ್ಮ ಮನೆ ಒಡತಿಯ ಅಜ್ಜ ಬಡತನ ತಾಳದೆ ವಲೋನಿಯದ ಕಲ್ಲಿದ್ದಲು ಗಣಿಗೆ ಕೂಲಿಗೆ ಹೋಗಿದ್ದರಂತೆ. ಆ ಕಾಲಕ್ಕೆ ಕಲ್ಲಿದ್ದಲು, ಉಕ್ಕು, ಕಾರ್ಖಾನೆ ಎಲ್ಲ ಫ್ರೆಂಚ್ ಕಡೆಯೇ. ಗಣಿಗಳು ಮುಚ್ಚಿದವು, ಉಕ್ಕು ಸೊರಗಿತು. ಇತ್ತ ಬಂದರುಗಳು, ಹೊಸ ಕೈಗಾರಿಕೆಗಳು ಬೆಳೆದವು. ಎರಡು ಮೂರು ತಲೆಮಾರಿನಲ್ಲಿ ತಕ್ಕಡಿ ತಿರುಗಿತು. ಇದನ್ನು ಕಂಡ ಮೇಲೆ ಬೆಂಗಳೂರಿನ ಐಟಿ ದುಡ್ಡು ಶಾಶ್ವತ ಅನ್ನುವ ಧಾಟಿಯ ಮಾತು ಕೇಳಿದರೆ ನನಗೆ ಗಣಿಗಳ ನೆನಪಾಗುತ್ತದೆ. ಪಾಲು ಕೇಳಬೇಡಿ ಅಂತ ಅಲ್ಲ, ಕೇಳಬೇಕು. ಆದರೆ ಮುಂದೊಮ್ಮೆ ನಾವೇ ಪಡೆಯುವ ಕಡೆ ನಿಂತರೂ ಒಪ್ಪುವಂಥ ಸೂತ್ರವನ್ನು ಕೇಳಬೇಕು.

ಲೋಕಸಭೆ ಕ್ಷೇತ್ರಗಳ ಮರುವಿಂಗಡಣೆಯದ್ದೂ ಇದೇ ಕಥೆ. ಸೀಟುಗಳ ಹಂಚಿಕೆ 1971ರ ಜನಗಣತಿಯ ಪ್ರಕಾರವೇ ಇರಲಿ ಅಂತ ಹೇಳಿ, ಅದರ ಬದಲಾವಣೆಯನ್ನು 1976ರಲ್ಲಿ ನಿಲ್ಲಿಸಿದರು. 2001ರಲ್ಲಿ ಆ ಬದಲಾವಣೆಯನ್ನು 2026ರ ನಂತರದ ಮೊದಲ ಜನಗಣತಿಯ ತನಕ ಮುಂದೂಡಿದರು. ತಲೆಗೊಂದು ಓಟು ಅಂದರೆ ಉತ್ತರಕ್ಕೆ ಸೀಟು ಜಾಸ್ತಿ, ದಕ್ಷಿಣಕ್ಕೆ ಅನ್ಯಾಯ ಅನ್ನುವುದು ನಮ್ಮ ಅಳಲು. ಬೆಲ್ಜಿಯಂನಲ್ಲಿ ಡಚ್ ಭಾಷೆಯವರು ಸುಮಾರು ಶೇ. 60. ಆದರೂ ಕೇಂದ್ರ ಮಂತ್ರಿಮಂಡಲದಲ್ಲಿ, ಪ್ರಧಾನಿಯನ್ನು ಬಿಟ್ಟರೆ, ಡಚ್ ಮತ್ತು ಫ್ರೆಂಚ್ ಮಂತ್ರಿಗಳ ಸಂಖ್ಯೆ ಸಮ ಇರಬೇಕು. 1970ರಿಂದ ಸಂವಿಧಾನದಲ್ಲೇ ಹಾಗಿದೆ. ಒಂದು ಭಾಷೆಯ ಸಂಸದರಲ್ಲಿ ಮುಕ್ಕಾಲು ಪಾಲು ಜನ ಸಹಿ ಹಾಕಿದರೆ ತಮಗೆ ಧಕ್ಕೆ ತರುವ ಮಸೂದೆಯನ್ನು ತಡೆದು ನಿಲ್ಲಿಸಿ ಮಂತ್ರಿಮಂಡಲಕ್ಕೆ ಕಳಿಸಬಹುದು. ಸೀಟು ಎಷ್ಟು ಅನ್ನುವ ಒಂದೇ ಪ್ರಶ್ನೆಗೆ ನಾವು ಅಂಟಿಕೊಂಡಿದ್ದೇವೆ. ಸೀಟು ಕಡಿಮೆ ಇದ್ದವರಿಗೆ ತಡೆಯುವ ಅಧಿಕಾರ ಬೇರೆ ಬಗೆಯಲ್ಲಿ ಸಿಗಬಹುದಾ ಅನ್ನುವುದನ್ನು ನಮ್ಮಲ್ಲಿ ಚರ್ಚಿಸುವವರು ಬಹಳ ಕಡಿಮೆ. ಬೆಲ್ಜಿಯಂ ಪದ್ಧತಿ ನಮಗೆ ಒಗ್ಗುತ್ತದೆ ಅಂತ ನಾನು ಹೇಳುತ್ತಿಲ್ಲ. ಎರಡು ಭಾಷೆಗೆ ಸಮಪಾಲು ಮಾಡಬಹುದು, ಇಪ್ಪತ್ತೆರಡು ಭಾಷೆಗೆ ಹೇಗೆ ಮಾಡುವುದು?

ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಒಬ್ಬ ಹಿರಿಯರು ಎದ್ದು ನಿಂತು ನೇರವಾಗಿ ಕೇಳಿದರು: “ಇಷ್ಟೆಲ್ಲಾ ಹೇಳಿದ್ಯಲ್ಲಮ್ಮ, ಕೊನೆಗೆ ಬೆಳಗಾವಿ ಯಾರದು, ಅದನ್ನು ಹೇಳು.”

ಹೇಳಿದೆ. ನನ್ನ ಮಟ್ಟಿಗೆ ಬೆಳಗಾವಿ ಕರ್ನಾಟಕದ್ದು. ಮಹಾಜನ ಆಯೋಗ 1967ರಲ್ಲಿ ಹಾಗೆಯೇ ಹೇಳಿದೆ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದೆ. ಆದರೆ ಮಹಾಜನ ವರದಿಯೇ ಅಂತಿಮ ಅಂತ ಕೂಗುವವರು ಅದನ್ನು ಪೂರ್ತಿ ನೋಡಿರುವುದಿಲ್ಲ. ಅದರಲ್ಲಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂತಿದೆ, ನಿಪ್ಪಾಣಿ, ಖಾನಾಪುರ, ನಂದಗಡ ಎಲ್ಲ ಅದರಲ್ಲಿವೆ. 247 ಹಳ್ಳಿಗಳು ಮೈಸೂರು ರಾಜ್ಯಕ್ಕೆ, ಜತ್ತ, ಅಕ್ಕಲಕೋಟೆ ಕಡೆಯವು. ಅಂದರೆ ಕಾಕಾ ಕೊಲ್ಲಾಪುರಕ್ಕೆ ಹೋಗುವ ದಾರಿಯ ಊರು ಆ ಕಡೆಗೆ, ಅವ್ವನ ತವರು ಈ ಕಡೆಗೆ. ಒಪ್ಪುತ್ತೀರಾ?

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಪ್ಪಾಣಿ ಯಾಕೆ ಕೊಡಬೇಕು ಅಂದರು. ಸಭೆ ನಕ್ಕಿತು. ಅವರೂ ನಕ್ಕರು, ಆದರೆ ಪಟ್ಟು ಬಿಡಲಿಲ್ಲ.

ಜತ್ತ ಕಡೆಯ ಇನ್ನೊಬ್ಬರು ಎದ್ದರು. ಅವರ ಮಾತು ನನ್ನ ಮಾತಿಗಿಂತ ತೂಕದ್ದು. “ನಮ್ಮೂರಾಗ ಭಾಷಾದ ಜಗಳ ಇಲ್ರಿ, ನೀರಿಂದ ಐತಿ. ಮ್ಹೈಸಾಳ ಯೋಜನೆದ ನೀರು ಬರತೈತಿ ಬರತೈತಿ ಅಂತ ಕಾದ ಕಾದ ಸಾಕಾತು. ಕರ್ನಾಟಕಕ್ಕ ಹೋಗತೇವಿ ಅಂತ ಊರಿನವರು ಠರಾವು ಮಾಡಿದ್ದ ಅದಕ್ಕ. 2022ರಾಗ ಕರ್ನಾಟಕದ ಮುಖ್ಯಮಂತ್ರಿಗಳು ಆ ಠರಾವು ಹಿಡಕೊಂಡು ಮಾತಾಡಿದರು, ಆ ಕಡೆಯವರು ಸಿಟ್ಟಾದರು. ನಮ್ಮನ್ಯಾರೂ ಕೇಳಲಿಲ್ಲ.” ಅದೇ ಗಲಾಟೆಯ ದಿನಗಳಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಕರ್ನಾಟಕದ ಕಡೆಯಿಂದ ಅವರ ಕೆರೆಗಳಿಗೆ ಹರಿದದ್ದನ್ನೂ ಅವರೇ ನೆನಪಿಸಿದರು. ಆ ನೀರಿನಿಂದ ಯಾರ ದಾಳಿಂಬೆ ತೋಟ ಉಳಿಯಿತು ಅಂತ ಹೆಸರು ಹಿಡಿದು ಹೇಳಿದರು. ಅವ್ವನಿಗೆ ಆ ಮನೆಯವರೆಲ್ಲ ಗೊತ್ತು.

ಕಾಲೇಜಿನ ಹುಡುಗನೊಬ್ಬ ಬೆಲ್ಜಿಯಂ ಒಡೆಯುತ್ತದಾ ಅಂತ ಕೇಳಿದ. ಅದನ್ನೇ ನಾನು ಮನೆ ಒಡತಿಯನ್ನೂ ಕೇಳಿದ್ದೆ. ಬ್ರಸೆಲ್ಸ್ ಯಾರಿಗೆ, ದೇಶದ ಸಾಲ ಯಾರಿಗೆ ಅಂತ ತೀರ್ಮಾನ ಆದರೆ ನಾಳೆಯೇ ಒಡೆಯುತ್ತದೆ, ಆ ಎರಡೂ ತೀರ್ಮಾನ ಆಗುವುದಿಲ್ಲ ಅಂದಿದ್ದರು. 1956ರಿಂದ 60ರ ತನಕ ಮುಂಬೈ ಯಾರಿಗೆ ಅನ್ನುವ ಜಗಳ ನಡೆದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಹಾಜನ ವರದಿಯನ್ನು ಒಟ್ಟಿಗೆ ಕೂತು ಓದುವುದು ಅಂತ ಆಮೇಲೆ ಚಹಾ ಕುಡಿಯುವಾಗ ಮಾತಾಯಿತು. ಮಹಾರಾಷ್ಟ್ರ ಅದನ್ನು ಯಾಕೆ ಒಪ್ಪಲಿಲ್ಲ ಅನ್ನುವುದನ್ನೂ ಓದಬೇಕು, ಮರಾಠಿಯಲ್ಲೇ, ನಮಗೆ ಮರಾಠಿ ಬರುತ್ತದಲ್ಲ ಅಂತ ಒಬ್ಬರು ಅಂದರು. ನಿಪ್ಪಾಣಿ ಬಿಡಲು ಒಪ್ಪದ ಹಿರಿಯರು ಮೊದಲು ಹೆಸರು ಬರೆಸಿದ್ದಾರೆ.